ಕಚಗುಳಿ ಇಡುವವರು, ಇಡಿಸಿಕೊಳ್ಳುವವರು

ಹೋದ ಸಲ ಉಪ್ಪಿನಕಾಯಿಗೆ ಬೂಷ್ಟು ಬರುವ ವಿಚಾರ ಬರೆದಿದ್ದೆನಲ್ಲ, ಅದಕ್ಕೆ ಬಂದ ಕಾಗದಗಳಿಗೆಲ್ಲ ಮುಂದಿನ ಸಂಚಿಕೆಯಲ್ಲಿ ಉತ್ತರ ಬರೆಯುತ್ತೇನೆ, ಸೋದರಿಯರು ಬೇಸರಿಸಬಾರದು. ಈ ಹದಿನೈದು ದಿನದಿಂದ ನನ್ನ ತಲೆಯಲ್ಲಿ ಬೇರೇನೂ ಇಲ್ಲ, ಬರೀ ಕಚಗುಳಿ! ನಗಬೇಡಿ. ನಗುವ ವಿಷಯವೇ ಹೌದು. ಆದರೆ ನಮ್ಮ ಮನೆಯಲ್ಲಿ ಈ ಸಲ ಅದು ಅಳುವ ವಿಷಯವೂ ಆಯಿತು, ಹೆದರುವ ವಿಷಯವೂ ಆಯಿತು. ಅದನ್ನು ಕೊನೆಗೆ ಹೇಳುತ್ತೇನೆ.

ಮೈದುನನ ಮಗಳು ಪುಟ್ಟಿ, ಐದು ವರ್ಷದವಳು. ಗೌರಿ ಹಬ್ಬಕ್ಕೆ ಬಂದವಳು ನಮ್ಮಲ್ಲೇ ಉಳಿದುಕೊಂಡಳು. ನಾನು ಒಬ್ಬಟ್ಟಿಗೆ ಹೂರಣ ತಿರುವುತ್ತಾ ನಿಂತಿದ್ದೆ. ಈ ಹುಡುಗಿ ಅಡುಗೆಮನೆ ಬಾಗಿಲಲ್ಲಿ ಕೂತು ತನ್ನ ಕಂಕುಳಿಗೆ ತಾನೇ ಬೆರಳು ಹಾಕಿಕೊಂಡು ಏನೋ ಸಾಹಸ ಮಾಡುತ್ತಿದ್ದಳು. ಮುಖ ನೋಡಿದರೆ ಲೆಕ್ಕ ಮಾಡುವವರ ಹಾಗೆ ಗಂಭೀರ. ಸ್ವಲ್ಪ ಹೊತ್ತಾದ ಮೇಲೆ, "ದೊಡ್ಡಮ್ಮಾ, ನಂಗೆ ನಾನೇ ಕಚಗುಳಿ ಇಟ್ಕೊಂಡ್ರೆ ಯಾಕೆ ನಗು ಬರಲ್ಲ?" ಅಂದಳು.

ನಾನೇನು ಹೇಳಲಿ? ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಅದರಲ್ಲೂ ಕಚಗುಳಿಯ ಪಾಠ ಯಾವ ಪುಸ್ತಕದಲ್ಲೂ ಇರಲಿಲ್ಲ. "ಹೋಗು, ಅಕ್ಕನ್ನ ಕೇಳು, ನನಗೆ ಹೂರಣ ಸೀದುಹೋಗುತ್ತೆ" ಅಂತ ಓಡಿಸಿದೆ. ಆದರೆ ಪ್ರಶ್ನೆ ಮಾತ್ರ ಅಲ್ಲೇ ಒಲೆಯ ಪಕ್ಕದಲ್ಲಿ ನಿಂತುಕೊಂಡುಬಿಟ್ಟಿತು. ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ನಾನೂ ಕಾಲು ಚಾಚಿಕೊಂಡು ನನ್ನ ಅಂಗಾಲಿಗೆ ನಾನೇ ಬೆರಳಾಡಿಸಿಕೊಂಡು ನೋಡಿದೆ. ಊಹೂಂ. ನಮ್ಮವರು ಎಚ್ಚರಗೊಂಡು "ಏನು, ಕಾಲು ನೋವೇ?" ಅಂದರು. "ಹೂಂ" ಅಂದು ಮಲಗಿಬಿಟ್ಟೆ. ಮತ್ತೇನು ಹೇಳುವುದು!

ಮೊದಲು ಮಾತಿನ ವಿಚಾರವನ್ನೇ ನೋಡಿ. ಕಚಗುಳಿಯನ್ನು ನಾವು ಮಾಡುವುದಿಲ್ಲ, ಕೊಡುವುದಿಲ್ಲ, ಇಡುತ್ತೇವೆ. ಬೊಟ್ಟು ಇಡುತ್ತೇವೆ, ರಂಗೋಲಿ ಇಡುತ್ತೇವೆ, ಮಗುವಿಗೆ ಹೆಸರು ಇಡುತ್ತೇವೆ, ಕೆನ್ನೆಗೆ ಮುತ್ತು ಇಡುತ್ತೇವೆ, ಹಾಗೆಯೇ ಕಚಗುಳಿಯನ್ನೂ ಇಡುತ್ತೇವೆ. ಎಷ್ಟು ಮುದ್ದಾದ ಮಾತು ಅಲ್ಲವೇ? ಆದರೆ ಬೊಟ್ಟನ್ನು ನಾವೇ ಕನ್ನಡಿ ನೋಡಿ ಇಟ್ಟುಕೊಳ್ಳಬಹುದು, ಕಚಗುಳಿಯನ್ನು ಇಟ್ಟುಕೊಳ್ಳುವುದಕ್ಕಾಗುವುದಿಲ್ಲ. ಇಡುವುದಕ್ಕೆ ಒಬ್ಬರು, ಇಡಿಸಿಕೊಳ್ಳುವುದಕ್ಕೆ ಇನ್ನೊಬ್ಬರು ಬೇಕೇ ಬೇಕು.

ಇನ್ನೊಂದು ಇದೆ, ಕಚಗುಳಿ ಆಗುವುದು. ಇದಕ್ಕೆ ಇಡುವವರು ಯಾರೂ ಬೇಡ. ಕಾಲ ಮೇಲೆ ಇರುವೆ ಹರಿದರೆ ಆಗುತ್ತದೆ. ಹೊಸ ರವಿಕೆಯಲ್ಲಿ ದಾರದ ತುದಿ ಕತ್ತರಿಸದೆ ಬಿಟ್ಟಿದ್ದರೆ ಬೆನ್ನಿಗೆ ದಿನವೆಲ್ಲ ಆಗುತ್ತದೆ. ಕಲ್ಯಾಣಿಯ ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಕೂತರೆ ಸಣ್ಣ ಮೀನುಗಳು ಬಂದು ಬೆರಳಿಗೆ ಬಾಯಿ ಹಾಕುತ್ತವಲ್ಲ, ಆಗಲೂ ಆಗುತ್ತದೆ. ಈ ಕಚಗುಳಿಯಲ್ಲಿ ನಗು ಬರುವುದಿಲ್ಲ, ಕೈ ತಾನಾಗಿ ಅಲ್ಲಿಗೆ ಹೋಗಿ ಉಜ್ಜುತ್ತದೆ, ಅಷ್ಟೇ. ಮೈ ಮೇಲೆ ಹುಳುಹುಪ್ಪಟೆ ಹತ್ತಿದರೆ ಗೊತ್ತಾಗಲಿ ಅಂತ ದೇವರು ಇಟ್ಟ ಕಾವಲು ಅದು ಅಂತ ನನ್ನ ಲೆಕ್ಕ. ಈ ಎರಡೂ ಬೇರೆ ಬೇರೆ ಅಂತ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು, ಸ್ಟ್ಯಾನ್ಲಿ ಹಾಲ್ ಮತ್ತು ಆರ್ಥರ್ ಆಲಿನ್ ಅನ್ನುವವರು, 1897ರಲ್ಲೇ ಗುರುತಿಸಿ ಎರಡಕ್ಕೂ ಗ್ರೀಕ್ ಮೂಲದಿಂದ ಬಾಯಿ ತಿರುಗದ ಹೆಸರುಗಳನ್ನಿಟ್ಟರಂತೆ. ನಮ್ಮ ಕನ್ನಡದಲ್ಲಿ 'ಇಡು' ಅಂತ ಒಂದು, 'ಆಗು' ಅಂತ ಒಂದು ಹೇಳಿ ಕೈತೊಳೆದುಕೊಂಡಿದ್ದೇವೆ.

ಬಸುರಿ ಹೆಂಗಸಿಗೆ ಐದನೇ ತಿಂಗಳ ಹೊತ್ತಿಗೆ ಹೊಟ್ಟೆಯೊಳಗಿಂದ ಒಂದು ಕಚಗುಳಿ ಆಗುತ್ತದಲ್ಲ, ಅದು ಇಟ್ಟದ್ದೋ ಆದದ್ದೋ? ಚೊಚ್ಚಲಲ್ಲಿ ನನಗೆ ಗೊತ್ತೇ ಆಗಿರಲಿಲ್ಲ, ಹಿಂದಿನ ದಿನದ ಅವರೆಕಾಳು ಹುಳಿಯ ವಾಯು ಅಂದುಕೊಂಡಿದ್ದೆ! ನಮ್ಮಮ್ಮನೇ ಹೇಳಿದ್ದು, "ಅಯ್ಯೋ ಮಂಕೆ, ಮಗು ಮಿಸುಕ್ತಾ ಇದೆ ಕಣೇ" ಅಂತ. ಇಡುವವರು ಒಳಗಿದ್ದುಕೊಂಡು ಇಡುವ ಕಚಗುಳಿ ಅದೊಂದೇ ಇರಬೇಕು.

ಮತ್ತೆ ಪತ್ರಿಕೆಯವರ ಕಚಗುಳಿ ಇದೆ. ನಾಟಕ ಚೆನ್ನಾಗಿದ್ದರೆ 'ಕಚಗುಳಿ ಇಡುವ ಸಂಭಾಷಣೆ' ಅಂತ ಬರೆಯುತ್ತಾರೆ. ನಾನು ಹಾಗೆ ಬರೆದದ್ದನ್ನು ನಂಬಿ ಹೋದ ಒಂದು ನಾಟಕದಲ್ಲಿ ಒಂದೇ ಒಂದು ಸಲ ನಕ್ಕೆ, ಅದೂ ಹಿಂದಿನ ಸಾಲಿನವರು ಗೊರಕೆ ಹೊಡೆದದ್ದಕ್ಕೆ. ಕಾದಂಬರಿಗಳಲ್ಲಿ ತಂಗಾಳಿ ನಾಯಕಿಯ ಕೆನ್ನೆಗೆ ಕಚಗುಳಿ ಇಡುತ್ತದೆ, ನಾಯಕನ ನೋಟ ಮನಸ್ಸಿಗೆ ಇಡುತ್ತದೆ. ಇರಲಿ ಬಿಡಿ, ಅದು ವಯಸ್ಸಿನ ಮಾತು.

ನಮ್ಮ ಬೀದಿಯಲ್ಲಿ ಎಲ್ಲ ಭಾಷೆಯವರೂ ಇದ್ದೇವೆ. ಸಂಜೆ ಹೂ ಕಟ್ಟುತ್ತಾ ಕೂತಾಗ ಕೇಳಿದೆ. ಎದುರುಮನೆ ತೆಲುಗಿನವರು ಚಕ್ಕಿಲಿಗಿಂತ ಅಂದರು. ತಮಿಳಿನವರು ಕಿಚ್ಚುಕಿಚ್ಚು. ಕೇರಳದಾಕೆ ಇಕ್ಕಿಳಿ ಅಂದರೆ, ಬೆಳಗಾವಿ ಕಡೆಯಿಂದ ವರ್ಗವಾಗಿ ಬಂದಿರುವ ಮರಾಠಿಯವರು ಗುದ್‌ಗುಲ್ಯಾ ಅಂದರು. ಹಿಂದಿಯಲ್ಲಿ ಗುದ್‌ಗುದೀ ಅನ್ನುವುದು ನಿಮಗೂ ಗೊತ್ತು. ಒಂದೊಂದನ್ನೂ ಬಾಯಲ್ಲಿ ಹೇಳಿ ನೋಡಿ, ಬೆರಳಾಡಿದ ಹಾಗೇ ಇದೆ! ಹೂ ಕಟ್ಟುತ್ತಿದ್ದ ಐದು ಜನವೂ ಸೇರಿ ನಕ್ಕು ನಕ್ಕು, ಆ ದಿನ ಮಾಲೆಯಲ್ಲಿ ಮಲ್ಲಿಗೆ ಒಂದು ಕಡೆ, ಮರುಗ ಒಂದು ಕಡೆ.

ಕಚಗುಳಿಗೆ ಅಕ್ಕತಂಗಿಯರೂ ಇದ್ದಾರೆ. ನವೆ ಬೇರೆ, ತುರಿಕೆ ಬೇರೆ, ಚಕ್ಕಳಮಕ್ಕಳ ಹಾಕಿ ಬಹಳ ಹೊತ್ತು ಕೂತರೆ ಕಾಲಿಗೆ ಹಿಡಿಯುವ ಜೋಮು ಬೇರೆ, ಮೈ ನವಿರೇಳುವುದು ಬೇರೆ. ಗಂಟಲಿನ ಕೆರೆತವಂತೂ ಅಡುಗೆ ಮಾಡುವವರಿಗೆ ಹೇಳಬೇಕಾಗಿಲ್ಲ. ಕೆಸುವಿನ ಎಲೆಯಲ್ಲಿ, ಸುವರ್ಣಗೆಡ್ಡೆಯಲ್ಲಿ ಕಣ್ಣಿಗೆ ಕಾಣದ ಸೂಜಿಯಂಥ ಹರಳುಗಳಿರುತ್ತವೆ, ಕ್ಯಾಲ್ಸಿಯಂ ಆಕ್ಸಲೇಟ್ ಅಂತ. ಅವು ಚುಚ್ಚುವುದರಿಂದಲೇ ಗಂಟಲು ಕೆರೆಯುವುದು. ಅದಕ್ಕೇ ನಮ್ಮ ಹಿರಿಯರು ಪತ್ರೊಡೆ ಹಿಟ್ಟಿಗೆ ಹುಣಿಸೆಹಣ್ಣು ಧಾರಾಳವಾಗಿ ಹಾಕಿ, ಚೆನ್ನಾಗಿ ಬೇಯಿಸಿ ಅಂತ ಹೇಳಿದ್ದು. ಗೆಡ್ಡೆ ಹೆಚ್ಚುವ ಮೊದಲು ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ಹುಳಿ ಹಾಕಲು ಜಿಪುಣತನ ಮಾಡಿದರೆ ಊಟಕ್ಕೆ ಬಂದವರು ನಿಮ್ಮನ್ನು ವರ್ಷವೆಲ್ಲ ನೆನೆಸಿಕೊಳ್ಳುತ್ತಾರೆ.

ಪುಟ್ಟಿಯ ಪ್ರಶ್ನೆಗೆ ಬರುತ್ತೇನೆ. ನನ್ನ ಮಗಳು ಕಾಲೇಜಿನಲ್ಲಿ ಮನಶ್ಶಾಸ್ತ್ರ ತೆಗೆದುಕೊಂಡಿದ್ದಾಳೆ. ಇಷ್ಟು ದಿನ ಅದರಿಂದ ನನಗೆ ಆದ ಲಾಭವೆಂದರೆ ನಾನು ರೇಗಿದಾಗಲೆಲ್ಲ "ಅಮ್ಮಾ, ಇದು ನಿನ್ನ ಒತ್ತಡ" ಅನ್ನಿಸಿಕೊಳ್ಳುವುದು. ಈ ಸಲ ಮಾತ್ರ ಕೆಲಸಕ್ಕೆ ಬಂದಳು. ಲಂಡನ್ನಿನಲ್ಲಿ ಸಾರಾ ಜೇನ್ ಬ್ಲೇಕ್‌ಮೋರ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಯವರು 1998ರಲ್ಲಿ ಇದನ್ನೇ ಪರೀಕ್ಷೆ ಮಾಡಿದ್ದಾರಂತೆ. ನಾವು ಕೈಯಾಡಿಸುವ ಮೊದಲೇ ನಮ್ಮ ಮಿದುಳಿಗೆ ಅದು ಗೊತ್ತಿರುತ್ತದೆ. ತಲೆಯ ಹಿಂಭಾಗದಲ್ಲಿರುವ ಕಿರುಮೆದುಳು 'ಇಂಥ ಕಡೆ, ಇಂಥ ಹೊತ್ತಿಗೆ ಬೆರಳು ಬರುತ್ತೆ, ಅದು ನಮ್ಮದೇ' ಅಂತ ಮುಂಚಿತವಾಗಿ ಹೇಳಿಬಿಡುತ್ತದೆ. ಆಗ ಸ್ಪರ್ಶದ ಜೋರು ಇಳಿದುಹೋಗುತ್ತದೆ. ಬೇರೆಯವರ ಬೆರಳಾದರೆ ಹಾಗೆ ಮುಂಚೆ ಹೇಳುವವರಿಲ್ಲ, ಅದಕ್ಕೇ ಮೈ ಹಾರುತ್ತದೆ. ಆಮೇಲೆ ಅವರು ಒಂದು ಯಂತ್ರ ಇಟ್ಟು ನೋಡಿದರಂತೆ. ಜನ ತಮ್ಮ ಒಂದು ಕೈಯಿಂದ ಹಿಡಿ ಅಲುಗಿಸಿದರೆ ಯಂತ್ರದ ಮೆತ್ತನೆಯ ತುದಿ ಇನ್ನೊಂದು ಅಂಗೈ ಮೇಲೆ ಆಡುತ್ತದೆ. ಕೂಡಲೇ ಆಡಿದರೆ ಕಚಗುಳಿ ಕಡಿಮೆ. ಒಂದು ಸೆಕೆಂಡಿನ ಐದರಲ್ಲೊಂದು ಪಾಲು ತಡಮಾಡಿ ಆಡಿದರೆ, ಅಲುಗಿಸಿದ್ದು ತಾವೇ ಆದರೂ, ಕಚಗುಳಿ ಜಾಸ್ತಿ! ಮಿದುಳಿನ ಲೆಕ್ಕ ತಪ್ಪಿತಲ್ಲ, ಅದಕ್ಕೆ.

ಪುಟ್ಟಿಗೆ ನಾನು ಹೇಳಿದ್ದು ಇಷ್ಟೇ: "ನಿನ್ನ ತಲೆ ನಿನ್ನ ಕೈಗೆ ಮೋಸ ಹೋಗಲ್ಲ ಕಂದಾ." ಅವಳಿಗೆ ಸಮಾಧಾನವಾಗಲಿಲ್ಲ. "ಹಾಗಾದ್ರೆ ನೀವು ಮುಟ್ಟೋಕ್ಕೆ ಮುಂಚೇನೇ ನಂಗೆ ನಗು ಬರುತ್ತಲ್ಲ, ಅದ್ಯಾಕೆ?" ಅಂತ ಇನ್ನೊಂದು ತೆಗೆದಳು. ಹೌದಲ್ಲ! ನಾವೆಲ್ಲ ಮಕ್ಕಳಿಗೆ ಆಡಿಸುವ ಆಟ ನೆನೆಸಿಕೊಳ್ಳಿ. ಮಗುವಿನ ಅಂಗೈಯಲ್ಲಿ ಮೊಳಕೈ ಊರಿ ಹಿಟ್ಟು ರುಬ್ಬುತ್ತೇವೆ, ಒಂದೊಂದು ಬೆರಳು ಮಡಿಸುತ್ತಾ ಅಪ್ಪನಿಗೆ, ಅಮ್ಮನಿಗೆ, ಅಜ್ಜಿಗೆ ಅಂತ ಪಾಲು ಹಾಕುತ್ತೇವೆ, ಆಮೇಲೆ ನಮ್ಮ ಎರಡು ಬೆರಳು ಕಾಲಿನ ಹಾಗೆ ನಡೆದುಕೊಂಡು ಮಣಿಕಟ್ಟು ದಾಟಿ, ಮೊಳಕೈ ದಾಟಿ ಮೇಲೇರುತ್ತವೆ. ಬೆರಳು ಕಂಕುಳು ಮುಟ್ಟುವುದು ಕಡೆಯಲ್ಲಿ. ಮಗು ಕುಗ್ಗಿಕೊಂಡು ಕಿಲಕಿಲ ಅನ್ನುವುದು ಮೊಳಕೈ ಹತ್ತಿರವೇ!

ಇದನ್ನು ಕೂಡ ಒಬ್ಬ ಮಹಾರಾಯರು ಪರೀಕ್ಷೆ ಮಾಡಿದ್ದಾರೆ. ಅಮೆರಿಕದ ಕ್ಲಾರೆನ್ಸ್ ಲ್ಯೂಬಾ ಎಂಬ ಪ್ರಾಧ್ಯಾಪಕರು. 1930ರ ದಶಕದಲ್ಲಿ ಅವರಿಗೆ ಮಗ ಹುಟ್ಟಿದಾಗ, ಮಗು ಕಚಗುಳಿಗೆ ನಗುವುದು ನಮ್ಮನ್ನು ನೋಡಿ ಕಲಿತೋ ಅಥವಾ ಹುಟ್ಟಿನಿಂದಲೋ ಅಂತ ತಿಳಿಯಬೇಕೆಂದು, ಮನೆಯಲ್ಲಿ ಮಗುವಿಗೆ ಕಚಗುಳಿ ಇಡುವಾಗ ಯಾರೂ ನಗಲೇಕೂಡದು ಅಂತ ಕಟ್ಟಪ್ಪಣೆ ಮಾಡಿದರಂತೆ. ತಾವು ಇಡುವಾಗ ಮುಖ ಕಾಣದ ಹಾಗೆ ಮುಖವಾಡ ಬೇರೆ! ಪಾಪ ಆ ತಾಯಿ. ಒಂದು ದಿನ ಸ್ನಾನ ಮಾಡಿಸಿ ಎತ್ತಿ ಕುಣಿಸುವಾಗ ಮರೆತು ನಕ್ಕುಬಿಟ್ಟರಂತೆ, ಅದನ್ನೂ ಆ ಮನುಷ್ಯ ಬರೆದಿಟ್ಟಿದ್ದಾರೆ. ಎಳೆಮಗುವಿಗೆ ನೀರು ಹಾಕಿ ಒರೆಸುವಾಗ ನಗದೆ ಇರು ಅಂದರೆ ಯಾವ ತಾಯಿಯಿಂದ ಆದೀತು ಹೇಳಿ! ಅಂತೂ ಏಳನೇ ತಿಂಗಳ ಸುಮಾರಿಗೆ ಮಗು ತಾನಾಗಿಯೇ ನಕ್ಕಿತು. ಆಮೇಲೆ ಹುಟ್ಟಿದ ಮಗಳೂ ಹಾಗೇ. ಯಾರೂ ಕಲಿಸಬೇಕಾಗಿಲ್ಲ, ಅದು ಹುಟ್ಟಿನಿಂದ ಬಂದದ್ದು. ಚಿಂಪಾಂಜಿ, ಗೊರಿಲ್ಲಾ ಮರಿಗಳೂ ಕಚಗುಳಿಗೆ ನಗುತ್ತವಂತೆ. ಇಲಿಗಳು ಕೂಡ ನಮ್ಮ ಕಿವಿಗೆ ಕೇಳದ ಸಣ್ಣ ದನಿಯಲ್ಲಿ ಕಿಚಿಕಿಚಿ ಅನ್ನುತ್ತವೆ ಅಂತ ಕಂಡುಹಿಡಿದಿದ್ದಾರೆ. ನನಗಂತೂ ಇಲಿ ಕಂಡರೆ ಪೊರಕೆ ನೆನಪಾಗುತ್ತದೆ, ಕಚಗುಳಿಯಲ್ಲ.

ಇದೆಲ್ಲದರಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಒಂದು. 1999ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕ್ರಿಸ್ಟೀನ್ ಹ್ಯಾರಿಸ್ ಎಂಬಾಕೆ ಮತ್ತು ಅವರ ಸಹೋದ್ಯೋಗಿ ಸೇರಿ ವಿದ್ಯಾರ್ಥಿಗಳ ಕಣ್ಣಿಗೆ ಬಟ್ಟೆ ಕಟ್ಟಿ, 'ಈಗ ನಿಮ್ಮ ಕಾಲಿಗೆ ಯಂತ್ರ ಕಚಗುಳಿ ಇಡುತ್ತೆ' ಅಂದರಂತೆ. ನಿಜಕ್ಕೂ ಇಟ್ಟದ್ದು ಮೇಜಿನ ಕೆಳಗೆ ಅಡಗಿದ್ದ ಮನುಷ್ಯರೇ. ಆದರೆ ಯಂತ್ರ ಅಂದುಕೊಂಡವರೂ ಮನುಷ್ಯರು ಅಂದುಕೊಂಡಷ್ಟೇ ನಕ್ಕರು. ಅಂದರೆ ಈ ನಗುವಿಗೆ ಪ್ರೀತಿ ಸಲುಗೆ ಏನೂ ಬೇಕಿಲ್ಲ. ಈರುಳ್ಳಿ ಹೆಚ್ಚುವಾಗ ಕಣ್ಣೀರು ಬಂದರೆ ದುಃಖ ಅಂತ ಯಾರಾದರೂ ಹೇಳುತ್ತಾರೆಯೇ? ಹಾಗೆ, ಕಚಗುಳಿಯಲ್ಲಿ ಬಂದ ನಗುವೆಲ್ಲ ಸಂತೋಷದ್ದಲ್ಲ.

ಇದನ್ನು ಮಗಳು ಓದಿ ಹೇಳಿದ್ದು ಹಬ್ಬದ ಮಾರನೆಯ ದಿನ. ಹಿಂದಿನ ದಿನವೇ ಹೇಳಿದ್ದರೆ ಚೆನ್ನಾಗಿತ್ತು.

ಹಬ್ಬದ ದಿನ ಊಟ ಆಗಿ ಎಲ್ಲರೂ ನಡುಮನೆಯಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದೆವು. ನೆಂಟರಲ್ಲಿ ಹಿರಿಯರೊಬ್ಬರು, ಯಾರು ಅಂತ ಬೇಡ, ಮಕ್ಕಳೆಂದರೆ ಪ್ರಾಣ ಅನ್ನುವವರು, ಪುಟ್ಟಿಯನ್ನು ತೊಡೆಯ ಮೇಲೆ ಎಳೆದುಕೊಂಡು ಪಕ್ಕೆಗೆ ಬೆರಳು ಹಾಕಿದರು. ಮಗು ಕಿಲಕಿಲ ನಕ್ಕಿತು. ಎಲ್ಲರೂ ನಕ್ಕೆವು. ಅವರು ಬಿಡಲಿಲ್ಲ. ಮಗು "ಬೇಡ, ಬೇಡ" ಅನ್ನುತ್ತಾ ನಗುತ್ತಿತ್ತು. "ಬೇಡ ಅನ್ನುತ್ತಾಳೆ, ನಗ್ತಾಳೆ ನೋಡಿ ಕಳ್ಳಿ!" ಅಂತ ಅವರು ಇನ್ನೂ ಜೋರು. ಮಗುವಿಗೆ ಉಸಿರು ತೆಗೆದುಕೊಳ್ಳಲು ಬಿಡುವಿಲ್ಲ, ಮುಖ ಕೆಂಪಗಾಗಿದೆ, ಕಾಲು ಒದೆಯುತ್ತಿದೆ. ನಾನು ನೋಡುತ್ತಲೇ ಇದ್ದೆ. ಹಿರಿಯರು, ಹಬ್ಬದ ದಿನ, ಏನಂದುಕೊಳ್ಳುತ್ತಾರೋ ಅಂತ ಬಾಯಿ ಬರಲಿಲ್ಲ. ಕೊನೆಗೆ ಮಗು ಅಲ್ಲೇ ಉಚ್ಚೆ ಮಾಡಿಕೊಂಡಿತು. ಹೊಸ ಲಂಗ, ಅವರ ಹೊಸ ಪಂಚೆ, ಎಲ್ಲ ಒದ್ದೆ. ಎಲ್ಲರೂ ಹೋ ಅಂತ ನಕ್ಕರು. ಪುಟ್ಟಿ ಆಗ ಅತ್ತಳು ನೋಡಿ! ನಾಚಿಕೆಯಿಂದ ಮುಖ ಮುಚ್ಚಿಕೊಂಡು ಓಡಿ ಬಚ್ಚಲುಮನೆ ಬಾಗಿಲ ಹಿಂದೆ ನಿಂತುಬಿಟ್ಟಳು.

ನಾನೇ ಹೋಗಿ ಲಂಗ ಬಿಚ್ಚಿ ತೊಳೆದೆ. "ನಾನು ಬೇಡ ಅಂದೆ ದೊಡ್ಡಮ್ಮಾ" ಅಂದಳು. "ಕೇಳಿಸ್ತು ಕಂದಾ" ಅಂದೆ. "ಮತ್ತೆ?" ಅಂದಳು.

ಆ 'ಮತ್ತೆ'ಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನೂ ಏಳೆಂಟು ವರ್ಷದವಳಿದ್ದಾಗ ಇಂಥದ್ದೇ ಒಬ್ಬರು ಬರುತ್ತಿದ್ದರು ನಮ್ಮ ಮನೆಗೆ. ಅವರ ಚಪ್ಪಲಿ ಸದ್ದು ಕೇಳಿದರೆ ನಾನು ಹಿತ್ತಲಿಗೆ ಓಡಿ ಸೀಬೆ ಮರ ಹತ್ತಿಬಿಡುತ್ತಿದ್ದೆ. ಅಮ್ಮನಿಗೆ ಹೇಳಿದರೆ "ನಗ್ತಾ ಇದ್ದೆಯಲ್ಲೇ" ಅನ್ನುತ್ತಿದ್ದಳು. ನಕ್ಕಿದ್ದು ನಿಜ, ನನಗೇ ನನ್ನ ಮೇಲೆ ಸಿಟ್ಟು ಬರುತ್ತಿತ್ತು, ಯಾಕೆ ನಗುತ್ತೇನೆ ಅಂತ. ಅದೆಲ್ಲ ಮರೆತೇಹೋಗಿತ್ತು. ಪುಟ್ಟಿಯ ಒದ್ದೆ ಲಂಗ ಹಿಂಡುವಾಗ ನೆನಪಾಯಿತು.

ಎಲ್ಲ ಕಚಗುಳಿಯೂ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಹಾಗಂದರೆ ಮಕ್ಕಳೇ ನನ್ನ ಮೇಲೆ ದೂರು ಹೇಳಿಯಾರು. ಪುಟ್ಟಿ ದಿನಾ ಬೆಳಗ್ಗೆ ಹಾಸಿಗೆಗೆ ಬಂದು "ಹಿಟ್ಟು ರುಬ್ಬಿ ದೊಡ್ಡಮ್ಮಾ" ಅಂತ ತಾನೇ ಅಂಗೈ ಚಾಚುತ್ತಾಳೆ. ಈಗ ನಾವಿಬ್ಬರೂ ಒಂದು ಕರಾರು ಮಾಡಿಕೊಂಡಿದ್ದೇವೆ: ಅವಳು 'ಬೇಡ' ಅಂದ ಕೂಡಲೇ ನನ್ನ ಕೈ ಮೇಲೆ ಹೋಗಬೇಕು, ಅವಳು ನಗುತ್ತಿದ್ದರೂ ಸರಿ. ಮೊದಲ ದಿನ ನನ್ನನ್ನು ಪರೀಕ್ಷೆ ಮಾಡಲೆಂದೇ ನಾಲ್ಕು ಸಲ 'ಬೇಡ' ಅಂದಳು, ನಾಲ್ಕು ಸಲ 'ಈಗ ಇಡಿ' ಅಂದಳು! ನಮ್ಮವರಿಗೂ, ಮೈದುನನಿಗೂ ಈ ಕಾನೂನು ಹೇಳಿದೆ. ಆ ಹಿರಿಯರಿಗೂ ಹೇಳಿದೆ, ಸಾರಿಗೆ ಒಗ್ಗರಣೆ ಕೊಡುತ್ತಾ ಬೆನ್ನು ತಿರುಗಿಸಿಕೊಂಡು ಹೇಳಿದೆ, ಎದುರಿಗೆ ಹೇಳುವ ಧೈರ್ಯ ಇನ್ನೂ ಇಲ್ಲ. ಸ್ವಲ್ಪ ಮುಖ ಸಣ್ಣದು ಮಾಡಿಕೊಂಡರು. ಮಾಡಿಕೊಳ್ಳಲಿ. ಮಗುವಿಗಿಂತ ಅವರ ಮುಖ ದೊಡ್ಡದಲ್ಲ.

ಈಗ ಆ ಹೆದರಿದ ವಿಚಾರ.

ನಮ್ಮ ಅತ್ತೆಯವರಿಗೆ ಎಪ್ಪತ್ತೆರಡು. ಸಕ್ಕರೆ ಕಾಯಿಲೆ ಬಂದು ಹದಿನೈದು ವರ್ಷದ ಮೇಲಾಯಿತು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅವರಿಗೆ ಬಹಳ ಹೆದರುತ್ತಿದ್ದೆ. ಮೊದಲ ಗೌರಿ ಹಬ್ಬದಲ್ಲಿ ಅವರ ಪಾದಕ್ಕೆ ಅರಿಸಿನ ಹಚ್ಚಲು ಕೂತಾಗ ಕೈ ನಡುಗುತ್ತಿತ್ತು. ಅಂಗಾಲಿಗೆ ಬೆರಳು ತಾಗಿದ್ದೇ ತಡ, ಆ ಸಿಡುಕು ಮುಖದ ಅತ್ತೆ "ಅಯ್ಯಯ್ಯೋ, ಕಚಗುಳಿ ಕಣೇ!" ಅಂತ ಹುಡುಗಿಯ ಹಾಗೆ ಕಿರುಚಿ ಕಾಲು ಎಳೆದುಕೊಂಡರು, ಅರಿಸಿನದ ಬಟ್ಟಲು ಉರುಳಿಹೋಯಿತು. ಆವತ್ತಿಗೆ ನನ್ನ ಹೆದರಿಕೆ ಅರ್ಧ ಹೋಯಿತು. ಅಲ್ಲಿಂದ ಪ್ರತಿ ವರ್ಷವೂ ಅದೊಂದು ಆಟ. ಮಾವನವರು ಪತ್ರಿಕೆಯ ಹಿಂದಿನಿಂದ "ಶುರುವಾಯ್ತು" ಅನ್ನುತ್ತಿದ್ದರು.

ಈ ವರ್ಷ ಅರಿಸಿನ ಹಚ್ಚಿದೆ. ಅತ್ತೆ ಸುಮ್ಮನೆ ಕೂತಿದ್ದರು. ಎರಡು ಕಾಲಿಗೂ ಹಚ್ಚಿಸಿಕೊಂಡು, ಅಕ್ಷತೆ ಹಾಕಿ, "ಒಳ್ಳೇದಾಗ್ಲಿ" ಅಂದರು. ವಯಸ್ಸಾಯಿತಲ್ಲ, ಗಾಂಭೀರ್ಯ ಬಂತು ಅಂದುಕೊಂಡೆ. ಇಷ್ಟು ವರ್ಷದ ಮೇಲೆ ನನ್ನ ಬುದ್ಧಿ ನೋಡಿ!

ನಾಲ್ಕೈದು ದಿನ ಬಿಟ್ಟು ಮಧ್ಯಾಹ್ನ ಅತ್ತೆ ಮಲಗಿದ್ದರು. ಪುಟ್ಟಿ ಪೊರಕೆಯಿಂದ ಒಂದು ಕಡ್ಡಿ ಎಳೆದುಕೊಂಡು ಹೋಗಿ ಅಜ್ಜಿಯ ಅಂಗಾಲಿಗೆ ಆಡಿಸಿದ್ದಾಳೆ. ಆಮೇಲೆ ನನ್ನ ಹತ್ತಿರ ಬಂದು ಪೆಚ್ಚು ಮುಖ ಮಾಡಿಕೊಂಡು, "ದೊಡ್ಡಮ್ಮಾ, ಅಜ್ಜಿ ಎದ್ದೇ ಇದ್ರು, ಆದ್ರೆ ಅವರಿಗೆ ಕಚಗುಳಿ ಖಾಲಿ ಆಗಿಬಿಟ್ಟಿದೆ" ಅಂದಳು.

ಕೈಯಲ್ಲಿದ್ದ ಸೌಟು ಹಾಗೇ ಬಿಟ್ಟು ಹೋದೆ. "ಅತ್ತೆ, ಕಾಲಿಗೆ ಏನಾದ್ರೂ ತಗುಲಿದ್ದು ಗೊತ್ತಾಯ್ತಾ?" ಅಂದೆ. "ಇಲ್ವಲ್ಲ" ಅಂದರು. ಬೆಳಕಿಗೆ ಕಾಲು ತಿರುಗಿಸಿ ನೋಡಿದರೆ, ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಚರ್ಮ ಬೆಳ್ಳಗೆ ಮೆತ್ತಗಾಗಿದೆ, ನಡುವೆ ಕಪ್ಪು ಚುಕ್ಕೆ. ಒತ್ತಿದರೆ ಒದ್ದೆ. ಹಸಿರು ಬಳೆಯ ಚೂರು! ಹಬ್ಬಕ್ಕೆ ಬಳೆ ತೊಡುವಾಗ ಒಡೆದದ್ದು ಇರಬೇಕು. ಎಷ್ಟು ದಿನದಿಂದ ಅದರ ಮೇಲೇ ಓಡಾಡಿದ್ದರೋ. ನೋವೇ ಇರಲಿಲ್ಲವಂತೆ.

ಆ ಸಂಜೆಯೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಚೂರು ತೆಗೆದು, ತೊಳೆದು, ಕಟ್ಟು ಹಾಕಿದರು. ಆಮೇಲೆ ಅತ್ತೆಯವರಿಗೆ ಕಣ್ಣು ಮುಚ್ಚಲು ಹೇಳಿ ಒಂದು ದಪ್ಪ ನೈಲಾನ್ ಎಳೆಯನ್ನು ಬಾಗುವವರೆಗೆ ಪಾದದ ಅಲ್ಲಲ್ಲಿ ಒತ್ತಿ "ಈಗ ಗೊತ್ತಾಯ್ತಾ? ಈಗ?" ಅಂತ ಕೇಳಿದರು. ಶ್ರುತಿಕವೆಯಂಥದ್ದನ್ನು ತಟ್ಟಿ ಹೆಬ್ಬೆರಳಿಗೆ ಇಟ್ಟರು. ಬೆರಳುಗಳಲ್ಲಿ, ಅಂಗಾಲಿನ ಮುಂಭಾಗದಲ್ಲಿ ಅತ್ತೆಗೆ ಏನೂ ಗೊತ್ತಾಗಲಿಲ್ಲ. ಸಕ್ಕರೆ ಬಹಳ ವರ್ಷ ಹೆಚ್ಚಿದ್ದರೆ ನರಗಳು ತುದಿಯಿಂದ ಸಾಯುತ್ತಾ ಬರುತ್ತವಂತೆ, ಮೊದಲು ಕಾಲ್ಬೆರಳು, ಆಮೇಲೆ ಪಾದ. ಗಾಯ ಆದರೂ ಗೊತ್ತಾಗುವುದಿಲ್ಲ, ಗೊತ್ತಾಗದ್ದರಿಂದ ನೋಡುವುದಿಲ್ಲ, ಕೀವು ಮೂಳೆಗಿಳಿದರೆ ಬೆರಳೋ ಕಾಲೋ ತೆಗೆಯಬೇಕಾಗುತ್ತದೆ. "ಯಾರು ನೋಡಿದ್ದು ಮೊದಲು?" ಅಂದರು ಡಾಕ್ಟರು. ಪುಟ್ಟಿಯನ್ನು ತೋರಿಸಿದೆ. ಅವಳಿಗೆ ಮೇಜಿನ ಮೇಲಿದ್ದ ಪೆನ್ನು ಕೊಟ್ಟರು.

ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ದಯವಿಟ್ಟು ಇದನ್ನು ಓದಿ ಬಿಡಬೇಡಿ, ಮಾಡಿ. ದಿನಾ ರಾತ್ರಿ ಅವರ ಪಾದ ನೋಡಿ, ಬೆರಳ ಸಂದಿಯನ್ನೂ. ಒಬ್ಬರೇ ಇರುವವರು ಕೆಳಗೆ ಕನ್ನಡಿ ಇಟ್ಟುಕೊಂಡು ನೋಡಿಕೊಳ್ಳಬಹುದು. ಇಂಗ್ಲೆಂಡಿನ ಇಪ್ಸ್‌ವಿಚ್ ಎಂಬ ಊರಿನ ವೈದ್ಯರು ಮನೆಯಲ್ಲೇ ಮಾಡುವ ಸುಲಭದ ಪರೀಕ್ಷೆ ಹೇಳಿದ್ದಾರೆ: ಅವರಿಗೆ ಕಣ್ಣು ಮುಚ್ಚಲು ಹೇಳಿ, ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳ ತುದಿಯನ್ನು ನಿಮ್ಮ ತೋರುಬೆರಳಿನಿಂದ ಒಂದೆರಡು ಸೆಕೆಂಡು ಮೆಲ್ಲಗೆ ಮುಟ್ಟಿ, ಒತ್ತಬೇಡಿ, ಉಜ್ಜಬೇಡಿ. ಈ ಆರರಲ್ಲಿ ಎರಡೋ ಹೆಚ್ಚೋ ಗೊತ್ತಾಗದಿದ್ದರೆ ಡಾಕ್ಟರಿಗೆ ತೋರಿಸಿ. ಎಲ್ಲ ಗೊತ್ತಾದರೂ ವರ್ಷಕ್ಕೊಮ್ಮೆ ಡಾಕ್ಟರು ಕಾಲು ಪರೀಕ್ಷೆ ಮಾಡಬೇಕು, ಮಾಡದಿದ್ದರೆ ನೀವೇ ಬಾಯಿಬಿಟ್ಟು ಕೇಳಿ. ನಾವು ಯಾವತ್ತೂ ಕೇಳಿರಲಿಲ್ಲ, ರಕ್ತ ಪರೀಕ್ಷೆಯ ಚೀಟಿ ಹಿಡಿದುಕೊಂಡು ಮನೆಗೆ ಬರುತ್ತಿದ್ದೆವು. ಮನೆಯೊಳಗೂ ಬರಿಗಾಲು ಬೇಡ, ಮೆತ್ತನೆಯ ಚಪ್ಪಲಿ ಹಾಕಲಿ. ಕಾಲಿಗೆ ಬಿಸಿನೀರಿನ ಚೀಲ ಇಡಬೇಡಿ, ಸುಟ್ಟರೂ ಅವರಿಗೆ ತಿಳಿಯುವುದಿಲ್ಲ. ಆಣಿಯನ್ನು ಬ್ಲೇಡಿನಲ್ಲಿ ಕೆರೆಯಬೇಡಿ. ಉಗುರು ನೇರವಾಗಿ ಕತ್ತರಿಸಿ. ಒಣಗಿದ ಅಂಗಾಲಿಗೆ ಕೊಬ್ಬರಿ ಎಣ್ಣೆ ಸರಿ, ಬೆರಳ ಸಂದಿಗೆ ಬೇಡ, ಅಲ್ಲಿ ಒಣಗಿರಬೇಕು.

ಅತ್ತೆಯವರಿಗೆ ಮನೆಯಲ್ಲಿ ಚಪ್ಪಲಿ ಹಾಕಿಸುವುದು ಎಂಥ ಕಷ್ಟ ಅಂತ ಹೇಳಬೇಕೇ? "ಅಡುಗೆಮನೆಗೆ ಚಪ್ಪಲಿಯೇ! ಶಿವಶಿವ!" ಕೊನೆಗೆ ಮಾವನವರೇ ಒಂದು ಜೊತೆ ಹೊಸದು ತಂದು, ದೇವರ ಮುಂದಿಟ್ಟು, "ಇದು ಮಡಿ ಚಪ್ಪಲಿ, ಹೊರಗೆ ಹೋಗಲ್ಲ" ಅಂದರು. ಅರೆಮನಸ್ಸಿನಿಂದ ಹಾಕುತ್ತಿದ್ದಾರೆ.

ಗಾಯ ಇನ್ನೂ ಪೂರ್ತಿ ಮಾಗಿಲ್ಲ, ಆದರೆ ಕೆಂಪು ಇಳಿದಿದೆ. ರಾತ್ರಿ ಊಟವಾದ ಮೇಲೆ ಅವರ ಕಾಲು ನನ್ನ ತೊಡೆಯ ಮೇಲಿಟ್ಟುಕೊಂಡು ನೋಡುತ್ತೇನೆ, ಪುಟ್ಟಿ ಟಾರ್ಚು ಹಿಡಿಯುತ್ತಾಳೆ. ಮೊನ್ನೆ ಕಟ್ಟು ಬದಲಾಯಿಸಿ, ಮೀನಖಂಡ ಒತ್ತುತ್ತಾ ಹೋದೆ. ಕೈ ಮೊಣಕಾಲ ಹಿಂದಕ್ಕೆ ಹೋಯಿತು ನೋಡಿ, ಅತ್ತೆ ಒಮ್ಮೆಗೇ ಕಾಲು ಜಗ್ಗಿ, "ಅಯ್ಯಯ್ಯೋ, ಅಲ್ಲಿ ಬೇಡ ಕಣೇ!" ಅಂದರು. ಟಾರ್ಚು ಹಿಡಿದಿದ್ದ ಪುಟ್ಟಿ ಕಣ್ಣರಳಿಸಿ, "ದೊಡ್ಡಮ್ಮಾ, ಅಜ್ಜಿ ಬೇಡ ಅಂದ್ರು" ಅಂದಳು.

ಕೈ ತೆಗೆದೆ. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಗುತ್ತಿದ್ದರು, ಸ್ವಲ್ಪ ಹೊತ್ತಾದ ಮೇಲೆ ತಾವೇ ಕಾಲು ಮುಂದೆ ಚಾಚಿ, "ಇನ್ನೊಂದ್ಸಲ ಮುಟ್ಟಿ ನೋಡೇ, ನಿಜವಾಗ್ಲೂ ಆಯ್ತಾ ಅಂತ" ಅಂದರು.